ಪುಟ್ಟಗೌರಮ್ಮ ಊಟಕ್ಕೆ ಕೂತ ಚಳಿಗಾಲ

ಹೋದ ವಾರ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಬೇಲೂರಿನಿಂದ ಅರಸೀಕೆರೆಗೆ ಹೋಗಿದ್ದೆ. ಬಸ್ಸಿಳಿದು ಸ್ಟೇಷನ್ ಕಡೆ ನಡೆಯುವಾಗ ಒಬ್ಬಾಕೆ ಗೋಣಿಚೀಲ ಹಾಸಿ ಅವರೆಕಾಯಿ ಸುರಿದುಕೊಂಡು ಕೂತಿದ್ದಳು. ಇಬ್ಬನಿಯ ತೇವ ಇನ್ನೂ ಕಾಯಿಯ ಮೇಲೆಯೇ ಇತ್ತು. ಸೊಗಡು ಮೂಗಿಗೆ ಹೊಡೆಯಿತು. ಚೀಲದ ತುಂಬ ಹಾಕಿಸಿಕೊಂಡೆ. ಗೃಹಪ್ರವೇಶಕ್ಕೆ ಅವರೆಕಾಯಿ ಹೊತ್ತುಕೊಂಡು ಬಂದಿದ್ದಾನೆ ಎಂದು ನೆಂಟರೆಲ್ಲ ನಕ್ಕರು. ನಗಲಿ. ಆ ವಾಸನೆ ಬಂದರೆ ನನಗೆ ಅರಸೀಕೆರೆಯಲ್ಲಿ ಕಳೆದ ಒಂದು ಚಳಿಗಾಲ ನೆನಪಾಗುತ್ತದೆ. ಪುಟ್ಟಗೌರಮ್ಮನವರೂ, ಅವರಿಗೆ ಒಂದು ತುತ್ತು ಉಣ್ಣಿಸಲು ಹೆಣಗಿದ ಸಿಸ್ಟರ್ ಸುಮಿತ್ರಾ ಅವರೂ ನೆನಪಾಗುತ್ತಾರೆ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷವೇ ಶಾಲೆ ಬಿಟ್ಟು ತೆಂಗಿನಕಾಯಿ ಮಂಡಿಯಲ್ಲಿ ಹಮಾಲಿಯಾದೆ. ಮೀಸೆ ಬರುವ ಮೊದಲಿನಿಂದ ಮೀಸೆ ನರೆಯುವವರೆಗೆ ಮೂಟೆ ಹೊತ್ತೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಸೊಂಟ ಹಿಡಿದುಕೊಂಡು ಮೂಟೆ ಹೊರುವುದು ಆಗದು ಎಂದಾದಾಗ, ಊರಾಚೆ ಹಾಸನ ರಸ್ತೆಯಲ್ಲಿದ್ದ ಮರೆವಿನ ಕಾಯಿಲೆಯವರ ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸಕ್ಕೆ ಸೇರಿದೆ. ಆಸ್ಪತ್ರೆ ಎಂದರೆ ದೊಡ್ಡದೇನಲ್ಲ, ಹಳೆಯ ಕಾಲದ ಒಂದು ಮನೆ, ಉದ್ದನೆಯ ಪಡಸಾಲೆ, ಹಿಂದೆ ನಾಲ್ಕು ತೆಂಗಿನಮರ. ಊರಿನವರು ಅದನ್ನು ಮರೆವಿನ ಮನೆ ಎನ್ನುತ್ತಿದ್ದರು.

ಮೂಟೆ ಹೊತ್ತವನಿಗೆ ಮುದುಕರನ್ನು ಎತ್ತಿ ಕೂರಿಸುವುದೇನು ಮಹಾ ಎಂದುಕೊಂಡಿದ್ದೆ. ಮೊದಲನೆಯ ದಿನವೇ ಒಬ್ಬ ಅಜ್ಜನನ್ನು ಕಂಕುಳಿಗೆ ಕೈಹಾಕಿ ಎತ್ತಿದೆ. ಅವರು ನನ್ನ ಕಿವಿ ಹಿಡಿದು ಜಗ್ಗಿದರು. ಸಿಸ್ಟರ್ ಸುಮಿತ್ರಾ ಬಂದು ಬಿಡಿಸಿದರು.

"ಮೂಟೆ ಎತ್ತಿದಂಗೆ ಎತ್ತಬೇಡಿ ರಂಗಣ್ಣ. ಮೂಟೆಗೆ ಹೆದರಿಕೆ ಇರಲ್ಲ. ಮೊದಲು ಮುಂದೆ ಬಂದು ಮುಖ ತೋರ್ಸಿ, ಹೆಸರು ಹಿಡಿದು ಕರೀರಿ, ಆಮೇಲೆ ಮುಟ್ಟಿ."

"ಹೆಸರೇ ನೆನಪಿಲ್ಲದೋರನ್ನ ಹೆಸರು ಹಿಡಿದು ಕರೆದ್ರೆ ಏನು ಬಂತು ಸಿಸ್ಟರ್?"

"ನಮಗೆ ನೆನಪಿದೆಯಲ್ಲ, ಅಷ್ಟು ಸಾಕು."

ಸಿಸ್ಟರ್ ಅರೇಹಳ್ಳಿ ಕಡೆಯವರು. ಅವರ ಅಪ್ಪ ಅಮ್ಮ ಕಾಫಿ ತೋಟದ ಕೂಲಿಗಳು. ನರ್ಸಿಂಗ್ ಓದಿ ಎಲ್ಲೆಲ್ಲೋ ದುಡಿದು ಇಲ್ಲಿಗೆ ಬಂದಿದ್ದರು. ಅವರ ಕೆಲಸವನ್ನು ಹತ್ತಿರದಿಂದ ನೋಡುವವರೆಗೆ, ನರ್ಸು ಎಂದರೆ ಸೂಜಿ ಚುಚ್ಚಿ ಮಾತ್ರೆ ಕೊಡುವವರು ಎಂದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಸೂಜಿಯ ಕೆಲಸ ಕಡಿಮೆ. ಮಲಗಿದವರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಸ್ನಾನ ಮಾಡಿಸಲು ಹೋದರೆ ಯಾರೋ ಸೀರೆ ಎಳೆಯುತ್ತಿದ್ದಾರೆ ಎಂದು ಅಜ್ಜಿಯರು ಕಚ್ಚುತ್ತಾರೆ. ಸಿಸ್ಟರ ಮುಂಗೈ ಮೇಲೆ ಹಲ್ಲಿನ ಗುರುತು ಇಲ್ಲದ ವಾರವಿರಲಿಲ್ಲ. ಬೆಳಿಗ್ಗೆ ಅವರನ್ನು ಕಳ್ಳಿ ಎಂದು ಬೈದವರೇ ಸಂಜೆ ಅವರ ಸೆರಗು ಹಿಡಿದು ಮಗಳೇ ಎನ್ನುತ್ತಿದ್ದರು. ಎರಡನ್ನೂ ಅವರು ಒಂದೇ ಮುಖದಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಮಾತ್ರ ಬಾವಿಕಟ್ಟೆಯ ಹತ್ತಿರ ನಿಂತು ಮುಖ ತೊಳೆಯುತ್ತಲೇ ಇದ್ದರು. ನಾನು ಕಂಡೂ ಕಾಣದವನಂತೆ ಬಕೆಟ್ ತೆಗೆದುಕೊಂಡು ಬಂದೆ.

ನಗುವೂ ಇತ್ತು. ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದ ಒಬ್ಬ ಅಜ್ಜ ಬಾಗಿಲಲ್ಲಿ ನಿಂತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಸಿಸ್ಟರ್ ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಅವರ ಕೈಗೆ ಕೊಡುತ್ತಿದ್ದರು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ, ಉಗುರಿನಲ್ಲಿ ಒಂದು ತೂತು ಮಾಡಿ, "ಮುಂದಿನ ಬೋಗಿಗೆ ಹೋಗಮ್ಮ" ಎನ್ನುತ್ತಿದ್ದರು. ನನಗೆ ಮಾತ್ರ ಯಾವಾಗಲೂ, "ನಿನ್ನದು ಜನರಲ್ ಟಿಕೆಟ್ಟು ಕಣಯ್ಯ, ಇಳಿ."

ಅವರೆಕಾಯಿ ಶುರುವಾದ ದಿನಗಳಲ್ಲಿ ಪುಟ್ಟಗೌರಮ್ಮ ಬಂದರು. ಅರಸೀಕೆರೆ ಸೀಮೆಯ ಒಂದು ಹಳ್ಳಿಯಲ್ಲಿ ರಾಗಿ, ತೆಂಗು ಬೆಳೆಯುವ ಗೌಡರ ಮನೆತನ. ಮಗ ಮಂಜಣ್ಣ ಕರೆತಂದಿದ್ದ. ತಾಯಿಯ ಚಪ್ಪಲಿಯನ್ನು ತಾನೇ ಕೈಯಲ್ಲಿ ಹಿಡಿದುಕೊಂಡಿದ್ದ.

"ಬೆಳಿಗ್ಗೆ ಎದ್ದು ಹೊಲದ ಕಡೆ ಹೊಂಟೋಯ್ತಾರೆ ಸಿಸ್ಟರ್. ಹೋದ ತಿಂಗಳು ರೈಲು ಹಳಿ ಮೇಲೆ ಸಿಕ್ಕಿದ್ರು. ನಾನೂ ನನ್ನ ಹೆಂಡ್ತಿನೂ ಪಾಳಿ ಮೇಲೆ ಕಾದ್ವಿ. ಆಗ್ಲಿಲ್ಲ. ತಪ್ಪು ತಿಳ್ಕಬೇಡಿ."

"ತಪ್ಪು ಯಾಕೆ ತಿಳ್ಕೊಳ್ಳಲಿ? ವಾರಕ್ಕೊಂದು ಸಲ ಬನ್ನಿ, ಸಾಕು."

ಪುಟ್ಟಗೌರಮ್ಮನ ಮಾತು ಹೆಚ್ಚುಕಡಿಮೆ ನಿಂತೇಹೋಗಿತ್ತು. ಮಗನನ್ನು ಯಾರೋ ದಾರಿಹೋಕ ಎಂಬಂತೆ ನೋಡುತ್ತಿದ್ದರು. ಜಗಳವಿಲ್ಲ, ಕಚ್ಚುವುದಿಲ್ಲ, ಕೂರಿಸಿದಲ್ಲಿ ಕೂರುತ್ತಿದ್ದರು. ಆದರೆ ಉಣ್ಣುತ್ತಿರಲಿಲ್ಲ. ತುತ್ತು ಹತ್ತಿರ ತಂದರೆ ಹಲ್ಲು ಕಚ್ಚಿಕೊಂಡು ಬಾಗಿಲ ಕಡೆ ಮುಖ ತಿರುಗಿಸುತ್ತಿದ್ದರು. ಬಲವಂತಕ್ಕೆ ಇಟ್ಟದ್ದನ್ನು ದವಡೆಯಲ್ಲೇ ಇಟ್ಟುಕೊಂಡು ಆಮೇಲೆ ಉಗಿಯುತ್ತಿದ್ದರು. ತಟ್ಟೆಯನ್ನು ಮೆಲ್ಲಗೆ ಸಿಸ್ಟರ ಕಡೆಗೆ ತಳ್ಳುತ್ತಿದ್ದರು.

ಹೊಸ ಜಾಗ, ಗಲಾಟೆಗೆ ಹೆದರಿದ್ದಾರೆ ಎಂದು ಸಿಸ್ಟರ್ ಎಣಿಸಿದರು. ಅಂಥವರಿಗೆ ಸದ್ದಿಲ್ಲದ ಕಡೆ ಉಣ್ಣಿಸಬೇಕೆಂದು ಅವರು ಕಲಿತದ್ದೂ ಹೌದು. ಹಿಂದಿನ ಸಣ್ಣ ಕೋಣೆಯಲ್ಲಿ ಅವರೊಬ್ಬರನ್ನೇ ಕೂರಿಸಿದೆವು. ಬಾಗಿಲ ಕಡೆ ನೋಡುವುದು ಓಡಿಹೋಗುವ ಆಸೆಯಿಂದ ಎಂದು ಬಾಗಿಲು ಹಾಕಿದೆವು. ಉಣ್ಣಲು ಹೊತ್ತು ಹಿಡಿಯುತ್ತದೆಂದು ಎಲ್ಲರಿಗಿಂತ ಮೊದಲು ಅವರಿಗೇ ಬಡಿಸಿದೆವು. ಗಂಜಿ, ಅಂಬಲಿ, ಹಾಲನ್ನ, ಕಿವುಚಿದ ಬಾಳೆಹಣ್ಣು, ಒಂದೊಂದು ದಿನ ಒಂದೊಂದು. ನೀರು, ಹಾಲು ಒಂದಿಷ್ಟು ಹೋಗುತ್ತಿತ್ತು, ಅಷ್ಟೇ. ಕೈಬಳೆ ಮೊಣಕೈವರೆಗೂ ಜಾರತೊಡಗಿತು. ಮುಟ್ಟಿದರೆ ಮೂಳೆ ಸಿಗುತ್ತಿತ್ತು.

ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಒಳ್ಳೆಯವರು. ಅವರು ಬಹಳ ಹೊತ್ತು ಅಜ್ಜಿಯ ಪಕ್ಕ ಕೂತಿದ್ದು, ಹೊರಗೆ ಬಂದು ಮಂಜಣ್ಣನಿಗೆ ಹೇಳಿದರು: "ಮೂಗಿನಿಂದ ಹೊಟ್ಟೆಗೆ ಪೈಪು ಹಾಕೋದು ಒಂದು ದಾರಿ. ಅದರಿಂದ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಆದರೆ ಹೀಗೇ ಬಿಟ್ಟರೆ ಉಳಿಯಲ್ಲ. ಮುಂದಿನ ವಾರ ನಾನು ಬರೋ ಹೊತ್ತಿಗೆ ಯೋಚಿಸಿ ಹೇಳಿ."

"ಪೈಪು ಕಿತ್ತಾಕ್ಕೊಂಡ್ರೆ?"

ಡಾಕ್ಟರು ಸಿಸ್ಟರ ಮುಖ ನೋಡಿದರು. ಸಿಸ್ಟರೇ ಹೇಳಿದರು: "ಕೈ ಕಟ್ಟಬೇಕಾಗುತ್ತೆ."

ಮಂಜಣ್ಣ ಗಾಡಿ ಹತ್ತದೆ ಗೇಟಿನ ಹತ್ತಿರ ನಿಂತಿದ್ದ. ಒಳಗೆ ಸಿಸ್ಟರ್ ಹಾಸಿಗೆಯ ಬಟ್ಟೆ ಮಡಿಸುತ್ತ ನನಗೆ ಹೇಳಿದರು: "ಬೇರೆ ಕಡೆ ಇದ್ದಾಗ ಒಂದು ಸಲ ಕಟ್ಟಿದ್ದೀನಿ ರಂಗಣ್ಣ. ಮೆತ್ತನೆ ಬಟ್ಟೆನೇ, ನೋವಾಗಲ್ಲ. ಕಟ್ಟಿಸಿಕೊಂಡ ಅಜ್ಜಿ ಬೈಲಿಲ್ಲ, ಅಳಲಿಲ್ಲ. ನನ್ನ ಮುಖಾನೇ ನೋಡ್ತಾ ಇದ್ರು. ಈ ಅಜ್ಜಿ ಕೈ ಕಟ್ಟೋಕೆ ನನ್ನಿಂದ ಆಗಲ್ಲ."

ಆ ವಾರದ ನಡುವೆ ಹಿಂದಿನ ಕೋಣೆಗೆ ಸುಣ್ಣ ಬಳಿಯಲು ಜನ ಬಂದರು. ಬೇರೆ ದಾರಿಯಿಲ್ಲದೆ ಪುಟ್ಟಗೌರಮ್ಮನನ್ನು ಪಡಸಾಲೆಯಲ್ಲಿ ಎಲ್ಲರ ಜೊತೆ ಕೂರಿಸಿದೆವು. ಅಂದು ಅವರೆಕಾಯಿ ಸಾರು, ಮುದ್ದೆ, ಅನ್ನ. ಸೊಗಡು ಗೇಟಿನವರೆಗೂ ಹರಡಿತ್ತು. ಸಿಸ್ಟರ್ ತಟ್ಟೆ ಕೊಟ್ಟು ಇನ್ನೊಬ್ಬರ ಕಡೆ ತಿರುಗಿದರು. ಅಷ್ಟರಲ್ಲಿ ಪುಟ್ಟಗೌರಮ್ಮ ಎದ್ದರು. ತನ್ನ ತಟ್ಟೆಯ ಅನ್ನವನ್ನು ಹಿಡಿ ತುಂಬ ತೆಗೆದು ರೈಲ್ವೆ ಅಜ್ಜನ ತಟ್ಟೆಗೆ ಹಾಕಿದರು.

ಅಜ್ಜ ಗದರಿದರು: "ಇದಕ್ಕೆ ಟಿಕೆಟ್ ಎಲ್ಲಮ್ಮ?"

ಪುಟ್ಟಗೌರಮ್ಮ ಕದಲಲಿಲ್ಲ. ಅಜ್ಜ ತುತ್ತು ಬಾಯಿಗೆ ಇಡುವವರೆಗೂ ಬಗ್ಗಿ ನಿಂತಿದ್ದು, ಆಮೇಲೆ ಪಕ್ಕದವರ ತಟ್ಟೆಗೆ ಹಾಕಿದರು. ಹೀಗೆ ಸಾಲು ಮುಗಿಸಿ, ನಿಂತಿದ್ದ ಸಿಸ್ಟರ ಭುಜದ ಮೇಲೆ ಕೈಯಿಟ್ಟು ಕೆಳಗೆ ಒತ್ತಿದರು. ಸಿಸ್ಟರ್ ಒತ್ತಿಸಿಕೊಂಡು ಹಾಗೆಯೇ ನೆಲಕ್ಕೆ ಕೂತರು.

"ಬಡಿಸ್ತಾ ಇದಾರೆ ರಂಗಣ್ಣ. ಇವರು ಮನೆಮಂದಿಗೆಲ್ಲ ಬಡಿಸ್ತಾ ಇದಾರೆ."

ಅಂದು ಕೂಡ ಅವರು ಏನೂ ಉಣ್ಣಲಿಲ್ಲ. ಆದರೆ ಸಿಸ್ಟರ್ ಕೈ ತೊಳೆದವರೇ ಮಂಜಣ್ಣನಿಗೆ ಫೋನು ಮಾಡಿದರು. ಅವನು ಮಂಡಿಯಲ್ಲಿದ್ದವನು ಕೊಬ್ಬರಿ ಧೂಳಿನ ಅಂಗಿಯಲ್ಲೇ ಬಂದ.

"ಮನೇಲಿ ಅವ್ವ ಹೇಗೆ ಉಣ್ತಿದ್ರು ಮಂಜಣ್ಣ? ಎಲ್ಲಿ ಕೂತ್ಕೋತಿದ್ರು? ಏನು ಇಷ್ಟ?"

ಮಂಜಣ್ಣ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ನಾನು ನೋಡೇ ಇಲ್ಲ ಸಿಸ್ಟರ್."

"ಏನು ನೋಡಿಲ್ಲ?"

"ಅವ್ವ ಉಣ್ಣೋದನ್ನ. ಅಪ್ಪ, ನಾವು, ಆಳುಗಳು ಎಲ್ಲ ಉಂಡು ಎದ್ದೋಯ್ತಿದ್ವಿ. ಆಮೇಲೆ ಅಡಿಗೆಮನೆ ಬಾಗ್ಲು ಮರೇಲಿ ಉಣ್ತಿದ್ರು ಅಂತ ಕಾಣುತ್ತೆ. ಐವತ್ತು ವರ್ಷ ಆಯ್ತು ನಂಗೆ. ಒಂದು ದಿನಾನೂ ನೋಡಿಲ್ಲ."

ಅವನು ಕೂತಲ್ಲಿಯೇ ಅಂಗಿಯ ಧೂಳು ಕೊಡವತೊಡಗಿದ. ಕೊಡವುತ್ತಲೇ ಇದ್ದ. ನಾವು ಮಾಡಿದ್ದು ಆಗ ನಮಗೆ ಹೊಳೆಯಿತು. ಮನೆಯವರಿಗೆಲ್ಲ ಇಕ್ಕದೆ ಒಂದು ಅಗುಳು ಮುಟ್ಟದ ಹೆಂಗಸನ್ನು ಒಬ್ಬಳೇ ಕೂರಿಸಿ, ಎಲ್ಲರಿಗಿಂತ ಮೊದಲು ಬಡಿಸಿ, ಬಾಗಿಲು ಹಾಕಿದ್ದೆವು. ಅವರು ಬಾಗಿಲು ನೋಡುತ್ತಿದ್ದುದು ಓಡಿಹೋಗಲು ಅಲ್ಲ. ಹೊಲದಿಂದ ಇನ್ನೂ ಬಾರದವರಿಗಾಗಿ.

ಮಾರನೆಯ ದಿನ ಸಿಸ್ಟರ್ ಎಲ್ಲರನ್ನೂ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದರು. ಅದರ ಮರುದಿನ ಡಾಕ್ಟರು ಬರುವವರಿದ್ದರು. ಮುದ್ದೆಯ ಪಾತ್ರೆ, ಸಾರಿನ ಪಾತ್ರೆಗಳನ್ನು ಬಿಸಿ ಆರಿಸಿ ಪುಟ್ಟಗೌರಮ್ಮನ ಮುಂದೆ ಇಟ್ಟರು. ಸಿಬ್ಬಂದಿ ವಾರ್ಡಿನಲ್ಲಿ ಉಣ್ಣಬಾರದು ಎಂಬ ನಿಯಮವಿತ್ತು. "ಬೈಸಿಕೊಳ್ಳೋದು ನಾನು" ಎಂದು ಇನ್ನಿಬ್ಬರು ನರ್ಸುಗಳನ್ನೂ ಕೂರಿಸಿದರು. ಪುಟ್ಟಗೌರಮ್ಮ ಸೌಟು ಹಿಡಿದರು. ಹೆಸರು ಮರೆತ, ಮಗನನ್ನು ಮರೆತ ಆ ಕೈ ಸಾರನ್ನು ಒಂದು ಹನಿ ಆಚೆ ಚೆಲ್ಲಲಿಲ್ಲ. ಸಾಲಿನ ಕೊನೆ ಮುಟ್ಟಿದ ಮೇಲೆ ಅವರು ನಿಂತು ಬಾಗಿಲ ಕಡೆ ನೋಡಿದರು. ಅಲ್ಲಿ ನಾನು ನಿಂತಿದ್ದೆ. ಹಾಸಿಗೆಗಳನ್ನು ಬಿಸಿಲಿಗೆ ಹೊತ್ತು ಹಾಕಿ, ಬೆವರು ಒರೆಸಿಕೊಳ್ಳುತ್ತಿದ್ದೆ.

"ಕೂತ್ಕೊಳ್ಳಿ ರಂಗಣ್ಣ" ಎಂದರು ಸಿಸ್ಟರ್.

"ನಾನು ಡಬ್ಬಿ ತಂದಿದ್ದೀನಿ."

"ಗೊತ್ತು. ದಿನಾ ತರ್ತೀರಿ. ಇವತ್ತು ಕೂತ್ಕೊಳ್ಳಿ."

ಆಗಲಿಲ್ಲ ನನಗೆ. ಹರೆಯದಲ್ಲಿ ಒಂದು ದೊಡ್ಡ ಮನೆಗೆ ಕಾಯಿ ತುಂಬಲು ಹೋಗಿದ್ದೆ. ಮಧ್ಯಾಹ್ನ ಕೊಟ್ಟಿಗೆಯ ಪಕ್ಕ ಕೂರಿಸಿ, ಮೇಲಿನಿಂದ ಮುದ್ದೆ ಎತ್ತಿಹಾಕಿದರು. ಉಂಡಾದ ಮೇಲೆ ತಟ್ಟೆ ತೊಳೆದು ಗೋಡೆಯ ಮೇಲೆ ಬೋರಲು ಹಾಕು ಎಂದರು. ಅದು ನಮ್ಮಂಥವರಿಗೆಂದೇ ಬೇರೆ ಇಟ್ಟ ತಟ್ಟೆ. ಅಂದಿನಿಂದ ಯಾರ ಮನೆಯಲ್ಲೂ ಆಳಾಗಿ ಉಂಡಿಲ್ಲ. ದುಡಿಯುವಲ್ಲೆಲ್ಲ ನನ್ನ ಡಬ್ಬಿ ನನ್ನದು. ಈಗ ಗೌಡರ ಮನೆಯ ಹೆಂಗಸು ಆಳಿಗೆ ಇಕ್ಕಲು ಕಾಯುತ್ತಿದ್ದಾಳೆ. ನಾನು ಆ ಆಳಾಗಿ ನೆಲಕ್ಕೆ ಕೂರಬೇಕು.

"ಬೇರೆ ಯಾರನ್ನಾದ್ರೂ ಕೂರಿಸಿ ಸಿಸ್ಟರ್. ನಾನು ಕೂರಲ್ಲ."

ಸಿಸ್ಟರ್ ದನಿ ಎತ್ತರಿಸಲಿಲ್ಲ. "ನಮ್ಮಮ್ಮ ತೋಟದ ಬಂಗ್ಲೆ ಹಿಂದೆ ಕಲ್ಲಿನ ಮೇಲೆ ಕೂತು ಉಂಡಿದ್ದಾಳೆ ರಂಗಣ್ಣ. ಪಕ್ಕದಲ್ಲಿ ನಾನೂ ಕೂತಿದ್ದೆ. ನಿಮಗೆ ಏನಾಗ್ತಾ ಇದೆ ಅಂತ ನನಗೆ ಗೊತ್ತು. ಬಲವಂತ ಮಾಡಲ್ಲ. ಆದ್ರೆ ನೀವು ಕೂರೋವರೆಗೂ ಇವರು ಕೂರಲ್ಲ. ನಾಳೆ ಡಾಕ್ಟರು ಬರ್ತಾರೆ."

ಪುಟ್ಟಗೌರಮ್ಮ ಕೈಯಲ್ಲಿ ಮುದ್ದೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಿಂತು ನಿಂತು ಕಾಲು ನಡುಗುತ್ತಿತ್ತು. ಬಳೆ ಮೊಣಕೈಯಲ್ಲಿತ್ತು. ಆ ಬಳೆ ನೋಡಿ ನಾನು ಚಪ್ಪಲಿ ಬಿಟ್ಟೆ. ಕೈಕಾಲು ತೊಳೆದು ಬಂದು ಸಾಲಿನ ಕೊನೆಯಲ್ಲಿ ಕೂತೆ.

ಅವರು ಮೇಲಿನಿಂದ ಎತ್ತಿಹಾಕಲಿಲ್ಲ. ಮೊಣಕಾಲೂರಿ ಬಗ್ಗಿ, ಮುದ್ದೆಯನ್ನು ತಟ್ಟೆಯ ನಡುವೆ ಇಟ್ಟು, ಹೆಬ್ಬೆರಳಿನಲ್ಲಿ ಗುಳಿ ಮಾಡಿ ಸಾರು ಬಿಟ್ಟರು. ನಾನು ಒಂದು ತುತ್ತು ಮುರಿದು ನುಂಗಿದೆ.

"ಉಣ್ಣಪ್ಪ" ಎಂದರು.

ಬಂದ ಮೇಲೆ ನಾವು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು. ಒಂದು ಮುದ್ದೆ ಮುಗಿಯಿತು. ಇನ್ನೊಂದು ಬಂತು. ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಇಕ್ಕಿದರು.

ಸಾಲಿನಿಂದ ರೈಲ್ವೆ ಅಜ್ಜ ಕೂಗಿದರು: "ಜನರಲ್ ಟಿಕೆಟ್ ಇಟ್ಕೊಂಡು ಎಷ್ಟು ತಿಂತೀಯಯ್ಯ?"

ನರ್ಸುಗಳು ನಕ್ಕರು. ನನಗೆ ನಗು ಬರಲಿಲ್ಲ. ಉಂಡು ಮುಗಿಸಿ, ಅಭ್ಯಾಸಬಲದಿಂದ ತಟ್ಟೆ ತೊಳೆಯಲು ಎತ್ತಿದೆ. ಪುಟ್ಟಗೌರಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಬಿಟ್ಟವನು ನಾನು. ನನ್ನ ಎಂಜಲು ತಟ್ಟೆಯನ್ನು ಮಿಕ್ಕವರ ತಟ್ಟೆಗಳ ಮೇಲೆಯೇ ಇಟ್ಟು, ಅಷ್ಟನ್ನೂ ಎದೆಗೆ ಒತ್ತಿಕೊಂಡು ಮೂಲೆಗೆ ಒಯ್ದರು. ಅವರ ಹಳ್ಳಿಯ ಮನೆಯಲ್ಲಿ ಆಳುಗಳ ತಟ್ಟೆ ಎಲ್ಲಿರುತ್ತಿತ್ತೋ ನನಗೆ ಗೊತ್ತಿಲ್ಲ. ಅದೂ ಅವರಿಗೆ ಮರೆತುಹೋಗಿತ್ತೋ, ಅಥವಾ ಅವರು ಯಾವತ್ತೂ ಹೀಗೆಯೇ ಇದ್ದರೋ, ಅದೂ ಗೊತ್ತಿಲ್ಲ. ಕೇಳಿದರೆ ಹೇಳುವ ಸ್ಥಿತಿ ಅವರದಲ್ಲ.

ಆಮೇಲೆ ಅವರು ಮೂಲೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತರು. ಸಿಸ್ಟರ್ ಮೆತ್ತಗೆ ಕಿವುಚಿದ ಅನ್ನ ಸಾರನ್ನು ಅವರ ಮುಂದಿಟ್ಟರು. ಅವರು ತಟ್ಟೆ ಎಳೆದುಕೊಂಡು ನಮ್ಮ ಕಡೆ ನೋಡಿ ನಿಲ್ಲಿಸಿದರು. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು.

"ತಿರುಗಿ, ಎಲ್ಲ ಆ ಕಡೆ ತಿರುಗಿ" ಎಂದರು ಸಿಸ್ಟರ್, ಮೆಲ್ಲಗೆ.

ನಾವು ಗೋಡೆಗೆ ಮುಖ ಮಾಡಿ ಕೂತೆವು. ಗಂಟಲಿಗೆ ಸಿಕ್ಕಿಕೊಂಡರೆ ನೋಡಲು ಒಬ್ಬರು ಬೇಕು, ನರ್ಸಾದವರು ಬೆನ್ನು ತಿರುಗಿಸುವಂತಿಲ್ಲ. ಹಾಗಾಗಿ ಸಿಸ್ಟರ್ ತಮ್ಮದೊಂದು ತಟ್ಟೆ ಹಿಡಿದು, ಅತ್ತೆಯ ಜೊತೆ ಕೊನೆಗೆ ಕೂರುವ ಸೊಸೆಯಂತೆ ಅವರ ಪಕ್ಕ ಕೂತು ನಿಧಾನವಾಗಿ ಉಣ್ಣತೊಡಗಿದರು. ಗೋಡೆ ನೋಡುತ್ತ ನಾವು ಕಿವಿಗೊಟ್ಟೆವು. ಮೊದಲು ಏನೂ ಇಲ್ಲ. ಆಮೇಲೆ ಬಳೆ ತಟ್ಟೆಗೆ ತಾಗಿದ ಸದ್ದು. ಮತ್ತೊಮ್ಮೆ. ಮತ್ತೊಮ್ಮೆ.

ಮರುದಿನ ಡಾಕ್ಟರು ಬಂದಾಗ ನಮ್ಮ ಊಟದ ಸಾಲು ನಡೆದಿತ್ತು. ಸಿಸ್ಟರ್ ಎಲ್ಲವನ್ನೂ ಹೇಳಿದರು, ನಿಯಮ ಮುರಿದದ್ದನ್ನೂ ಹೇಳಿದರು. ಡಾಕ್ಟರು ಬೂಟು ಬಿಚ್ಚಿ ನನ್ನ ಪಕ್ಕ ಕೂತರು. "ನಂಗೆ ಮುದ್ದೆ ನುಂಗೋಕೆ ಬರಲ್ಲ ಕಣ್ರೀ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಅಗಿಯಬೇಡಿ ಸಾರ್, ಬಯ್ತಾರೆ" ಎಂದೆ. ಹೇಗೋ ನುಂಗಿದರು. ಎದ್ದು ಹೋಗುವಾಗ ಪೈಪಿನ ಮಾತು ಎತ್ತಲಿಲ್ಲ. ಆಸ್ಪತ್ರೆಯ ಆಡಳಿತದವರ ಹತ್ತಿರ ತಾವೇ ಮಾತಾಡಿ, ಮಧ್ಯಾಹ್ನದ ಊಟ ಎಲ್ಲರೂ ಪಡಸಾಲೆಯಲ್ಲೇ ಮಾಡಬಹುದೆಂದು ಒಪ್ಪಿಸಿದರು.

ಕಾಯಿಲೆ ವಾಸಿಯಾಗಲಿಲ್ಲ, ಅದು ವಾಸಿಯಾಗುವ ಕಾಯಿಲೆಯಲ್ಲ. ಕೆಲವು ದಿನ ಉಣ್ಣುತ್ತಿದ್ದರು, ಕೆಲವು ದಿನ ಇಲ್ಲ. ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಸೌಟು ಹಿಡಿಯುವ ಶಕ್ತಿ ಹೋಯಿತು. ಆಗ ನಾವು ಅವರ ಹಾಸಿಗೆಯ ಸುತ್ತ ಕೂತು ಉಂಡೆವು, ಆಮೇಲೆ ಸಿಸ್ಟರ್ ಉಣ್ಣಿಸಿದರು. ಕೈ ಕಟ್ಟಿಸಿಕೊಳ್ಳದೆಯೇ ಒಂದು ಬೆಳಿಗ್ಗೆ ಹೋದರು. ಈಗ ಬೇಲೂರಿನಲ್ಲಿ ನಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಉಣ್ಣದವರು ಯಾರಾದರೂ ಬಂದರೆ, ಅವರ ಮನೆಯಲ್ಲಿ ಯಾರ ಊಟ ಯಾವಾಗ, ಯಾರ ಜೊತೆ ಎಂದು ಮೊದಲು ಕೇಳುತ್ತೇನೆ. ಒಂದೊಂದು ಸಲ ಉಪಯೋಗಕ್ಕೆ ಬರುತ್ತದೆ.

ಆ ಚಳಿಗಾಲದ ಕೊನೆಯ ಒಂದು ಮಾತು ಹೇಳಬೇಕು. ಮಂಜಣ್ಣ ವಾರಕ್ಕೊಮ್ಮೆ ಬಂದು ಸಾಲಿನಲ್ಲಿ ಕೂತು, ತಾಯಿ ಇಕ್ಕಿದ್ದನ್ನು ಉಂಡು, ನಮ್ಮ ಜೊತೆ ಗೋಡೆಗೆ ತಿರುಗುತ್ತಿದ್ದ. ತಾಯಿಗೆ ಅವನು ಮಗನಲ್ಲ, ಉಣ್ಣಲು ಬಂದ ಒಬ್ಬ ಗಂಡಸು. ಅವನಿಗೆ ಅದರ ಬೇಸರ ಕಡಿಮೆಯಾಗುತ್ತ ಬಂದಿತ್ತು. ಒಂದು ದಿನ ಸಿಸ್ಟರ್ ಅವನನ್ನು ಕರೆದು, "ನಿಮ್ಮಮ್ಮಂಗೆ ಬದನೆಕಾಯಿ ಅಂದ್ರೆ ಪ್ರಾಣ, ಗೊತ್ತಾ? ಸಾರಿನಲ್ಲಿ ಇದ್ರೆ ಮೊದಲು ಅದನ್ನೇ ಹುಡುಕಿ ತಿಂತಾರೆ" ಎಂದರು.

"ಬದ್ನೆಕಾಯಾ?" ಎಂದ ಅವನು. "ನಮ್ಮನೇಲಿ ತರ್ತಾನೇ ಇರ್ಲಿಲ್ಲ ಸಿಸ್ಟರ್. ಅಪ್ಪಂಗೆ ಆಯ್ತಿರ್ಲಿಲ್ಲ."

ಮುಂದಿನ ವಾರ ಅವನು ಗೇಟಿನಿಂದಲೇ ಚೀಲ ಎತ್ತಿ ತೋರಿಸುತ್ತ ಬಂದ. ಎಳೆಯ ಬದನೆಕಾಯಿ, ತೊಟ್ಟು ಇನ್ನೂ ಹಸಿರು. ಮನೆಯ ಹಿತ್ತಿಲಿನಲ್ಲಿ ಗಿಡ ಹಾಕಿಸಿದ್ದೇನೆ, ಅದು ಬಿಡುವವರೆಗೆ ಸಂತೆಯದು ಎಂದ. ಅಡಿಗೆಯವಳು ಹುಳಿ ಮಾಡಿದಳು. ಎಲ್ಲರ ಊಟವಾಯಿತು, ತಟ್ಟೆಗಳು ಮೂಲೆ ಸೇರಿದವು. ನಾವು ತಿರುಗಿ ಕೂತೆವು. ಮಂಜಣ್ಣ ಗೋಡೆಯನ್ನೇ ನೋಡುತ್ತ, ಹಿಂದೆ ತಿರುಗದೆ ಕೇಳಿದ: "ತಿಂತಾ ಇದಾರಾ ಸಿಸ್ಟರ್?"

ಉತ್ತರ ತಡವಾಗಿ ಬಂತು. ಸಿಸ್ಟರ ಬಾಯಲ್ಲಿ ತುತ್ತಿತ್ತು.

"ತಿಂತಾ ಇದಾರೆ. ನನ್ನ ತಟ್ಟೆಯದಕ್ಕೂ ಕೈ ಹಾಕಿದ್ರು."